ಶಿಕ್ಷಣ ಸಂಶೋಧನೆಯಲ್ಲಿ ಮಿಶ್ರ ವಿಧಾನ: ಬಳ್ಳಾರಿ, ರಾಯಚೂರು, ಕೊಪ್ಪಳದ ಸಂಶೋಧಕರು ಯಾವ ವಿನ್ಯಾಸವನ್ನು ಆರಿಸಿಕೊಳ್ಳಬೇಕು?

ಸಿನಾಪ್ಸಿಸ್ (ಸಂಶೋಧನೆಯ ರೂಪರೇಷೆ) ಬರೆಯುವ ಹೊತ್ತಿಗೆ ಈ ಮೂರು ಜಿಲ್ಲೆಗಳ ಎಂ.ಎಡ್. ವಿದ್ಯಾರ್ಥಿಗಳು, ಪಿಎಚ್‌.ಡಿ. ಸಂಶೋಧಕರು ಮತ್ತು ಸೇವೆಯಲ್ಲಿದ್ದುಕೊಂಡೇ ಅಧ್ಯಯನ ಮಾಡುವ ಶಿಕ್ಷಕರು ಹೆಚ್ಚುಕಡಿಮೆ ಒಂದೇ ಪ್ರಶ್ನೆಯನ್ನು ಮುಂದಿಡುತ್ತಾರೆ. ಪ್ರಶ್ನಾವಳಿ ಹಂಚಿ ಅಂಕಿಗಳನ್ನು ವಿಶ್ಲೇಷಿಸಿದರೆ ಸಾಕೇ, ಊರಿಗೆ ಹೋಗಿ ಜನರೊಡನೆ ಕುಳಿತು ಮಾತನಾಡಬೇಕೇ, ಎರಡನ್ನೂ ಮಾಡುವುದಾದರೆ ಯಾವುದು ಮೊದಲು, ಯಾವುದು ನಂತರ? ಮಾರ್ಗದರ್ಶಕರು ‘ಮಿಶ್ರ ವಿಧಾನ ಮಾಡಿ’, ಅಂದರೆ ಅಂಕಿ ಮತ್ತು ಮಾತು ಎರಡನ್ನೂ ಬೆರೆಸಿ, ಎಂದು ಹೇಳಿಬಿಡುತ್ತಾರೆ. ಆದರೆ ಮಿಶ್ರ ವಿಧಾನದೊಳಗೇ ಹಲವು ವಿನ್ಯಾಸಗಳಿವೆ. ಪ್ರತಿಯೊಂದೂ ಬೇರೆ ಬಗೆಯ ಸಮಯವನ್ನು, ಕೌಶಲವನ್ನು, ಓಡಾಟವನ್ನು ಬೇಡುತ್ತದೆ. ಆಯ್ಕೆಯನ್ನು ತಪ್ಪಾಗಿ ಮಾಡಿಕೊಂಡವರು ಎರಡನೆಯ ವರ್ಷದ ಕೊನೆಯಲ್ಲಿ ಎರಡು ಅರ್ಧ ಅಧ್ಯಯನಗಳನ್ನು ಕೈಯಲ್ಲಿ ಹಿಡಿದು ನಿಲ್ಲುವುದನ್ನು ನಾನು ನೋಡಿದ್ದೇನೆ. ಆ ಕಷ್ಟವನ್ನು ಮೊದಲೇ ತಪ್ಪಿಸಲು ಸಾಧ್ಯವಿದೆ ಎಂಬ ನಂಬಿಕೆಯಿಂದ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ.

ಈ ವಿಧಾನ ಈಗ ಎಲ್ಲಿ ನಿಂತಿದೆ

1980ರ ದಶಕದಲ್ಲಿ ಅಮೆರಿಕದ ಶಿಕ್ಷಣ ಸಂಶೋಧಕರ ನಡುವೆ ಅಂಕಿಯ ಪಕ್ಷ ಮತ್ತು ಅರ್ಥದ ಪಕ್ಷ ಎಂಬಂತೆ ದೊಡ್ಡ ವಾಗ್ವಾದವೇ ನಡೆದಿತ್ತು. ಎರಡರ ತಾತ್ವಿಕ ನೆಲೆಗಳೇ ಬೇರೆಯಾದ್ದರಿಂದ ಅವು ಕೂಡಲಾರವು ಎಂಬ ವಾದವನ್ನು ಕೆನೆತ್ ಹೌ 1988ರಲ್ಲಿ ನೇರವಾಗಿ ಪ್ರಶ್ನಿಸಿದರು. 1989ರಲ್ಲಿ ಜೆನಿಫರ್ ಗ್ರೀನ್ ಮತ್ತು ಸಂಗಡಿಗರು ಎರಡೂ ವಿಧಾನಗಳನ್ನು ಬಳಸಿದ 57 ಮೌಲ್ಯಮಾಪನ ಅಧ್ಯಯನಗಳನ್ನು ಪರಿಶೀಲಿಸಿ, ಬೆರೆಸುವುದಕ್ಕೆ ಐದು ಉದ್ದೇಶಗಳಿರಬಹುದೆಂದು ತೋರಿಸಿದರು: ಒಂದರ ಫಲಿತಾಂಶವನ್ನು ಇನ್ನೊಂದರಿಂದ ತಾಳೆ ನೋಡುವುದು, ಒಂದರಿಂದ ಇನ್ನೊಂದನ್ನು ಪೂರಣಗೊಳಿಸುವುದು, ಒಂದರ ಆಧಾರದ ಮೇಲೆ ಇನ್ನೊಂದನ್ನು ರೂಪಿಸುವುದು, ವಿರೋಧಗಳನ್ನು ಹೊರತೆಗೆದು ಹೊಸ ಪ್ರಶ್ನೆ ಹುಟ್ಟಿಸುವುದು, ಅಧ್ಯಯನದ ವ್ಯಾಪ್ತಿಯನ್ನು ಹಿಗ್ಗಿಸುವುದು. 2004ರಲ್ಲಿ ಜಾನ್ಸನ್ ಮತ್ತು ಆನ್ವೆಗ್ಬೂಝಿ ಇದನ್ನು ಮೂರನೆಯ ಸಂಶೋಧನಾ ಮಾದರಿಯೆಂದೇ ಪ್ರತಿಪಾದಿಸಿದರು. 2007ರಿಂದ ಈ ವಿಧಾನಕ್ಕೆಂದೇ ಒಂದು ಅಂತರರಾಷ್ಟ್ರೀಯ ನಿಯತಕಾಲಿಕೆ ಪ್ರಕಟವಾಗುತ್ತಿದೆ. ಇಂದು ಕ್ರೆಸ್ವೆಲ್ ಮತ್ತು ಪ್ಲಾನೊ ಕ್ಲಾರ್ಕ್ ಅವರ ವರ್ಗೀಕರಣದಂತೆ ಮೂರು ಮೂಲ ವಿನ್ಯಾಸಗಳನ್ನು (ಎರಡೂ ಏಕಕಾಲಕ್ಕೆ, ಮೊದಲು ಅಂಕಿ ನಂತರ ಮಾತು, ಮೊದಲು ಮಾತು ನಂತರ ಅಂಕಿ) ಬಹುತೇಕ ಎಲ್ಲ ಕಡೆಯೂ ಬೋಧಿಸಲಾಗುತ್ತದೆ.

ಆದ್ದರಿಂದ ಮಿಶ್ರ ವಿಧಾನವನ್ನು ಒಪ್ಪಬೇಕೇ ಬೇಡವೇ ಎಂಬ ಚರ್ಚೆ ಮುಗಿದಿದೆ. ಮುಗಿಯದಿರುವುದು ಬೇರೆಯೇ ಇದೆ. ಅಲನ್ ಬ್ರೈಮನ್ 2006ರಲ್ಲಿ 232 ಲೇಖನಗಳನ್ನು ಪರಿಶೀಲಿಸಿದಾಗ, ಲೇಖಕರು ಎರಡು ವಿಧಾನಗಳನ್ನು ಬೆರೆಸಲು ಕೊಟ್ಟ ಕಾರಣಕ್ಕೂ ಅವರು ವಾಸ್ತವದಲ್ಲಿ ಮಾಡಿದ್ದಕ್ಕೂ ಅನೇಕ ಕಡೆ ಹೊಂದಾಣಿಕೆ ಇರಲಿಲ್ಲ. ನಮ್ಮ ಮಹಾಪ್ರಬಂಧಗಳಲ್ಲೂ ಇದೇ ಕೊರತೆ ಕಾಣುತ್ತದೆ: ನಾಲ್ಕನೆಯ ಅಧ್ಯಾಯದಲ್ಲಿ ಕೋಷ್ಟಕಗಳು, ಐದನೆಯ ಅಧ್ಯಾಯದಲ್ಲಿ ಸಂದರ್ಶನದ ಉಲ್ಲೇಖಗಳು, ಎರಡೂ ಒಂದನ್ನೊಂದು ಮುಟ್ಟುವುದೇ ಇಲ್ಲ. ವಿನ್ಯಾಸದ ಆಯ್ಕೆ ಎಂದರೆ ನನ್ನ ಮಟ್ಟಿಗೆ ಈ ಎರಡು ಬಗೆಯ ಸಾಕ್ಷ್ಯಗಳು ಎಲ್ಲಿ, ಯಾವಾಗ ಸಂಧಿಸಬೇಕು ಎಂಬುದರ ಆಯ್ಕೆ. ಉಳಿದೆಲ್ಲ ಅದರಿಂದ ಹೊರಡುತ್ತದೆ.

ಮೊದಲು ಮಾನದಂಡಗಳು

ಮೊದಲನೆಯದು ಪ್ರಶ್ನೆಯ ಸ್ವರೂಪ. 2011ರ ಜನಗಣತಿಯ ಪ್ರಕಾರ ರಾಜ್ಯದ ಸಾಕ್ಷರತೆ ಶೇ. 75.36 ಇದ್ದಾಗ ರಾಯಚೂರಿನದು ಶೇ. 59.56, ಬಳ್ಳಾರಿಯದು ಶೇ. 67.43, ಕೊಪ್ಪಳದ್ದು ಶೇ. 68.09 ಇತ್ತು. ಎಷ್ಟು ಅಂತರವಿದೆ, ಯಾವ ತಾಲ್ಲೂಕಿನಲ್ಲಿ ಹೆಚ್ಚಿದೆ ಎಂಬುದು ಅಂಕಿಯ ಪ್ರಶ್ನೆ. ಒಂದೇ ಊರಿನ ಇಬ್ಬರು ಅಕ್ಕತಂಗಿಯರಲ್ಲಿ ಒಬ್ಬಳು ಹೈಸ್ಕೂಲು ಮುಗಿಸಿ ಇನ್ನೊಬ್ಬಳು ಏಳನೆಯ ತರಗತಿಗೇ ಬಿಟ್ಟದ್ದೇಕೆ ಎಂಬುದು ಮಾತಿನ ಪ್ರಶ್ನೆ. ‘ಅಂತರ ಎಲ್ಲಿದೆ ಮತ್ತು ಅಲ್ಲೇ ಏಕಿದೆ’ ಎಂದು ಕೇಳಿದಾಗ ಮಾತ್ರ ಪ್ರಶ್ನೆಯೇ ಎರಡನ್ನೂ ಬೇಡುತ್ತದೆ. ಬೇಡದ ಪ್ರಶ್ನೆಗೆ ಎರಡನ್ನೂ ಹೇರಬಾರದು.

ಎರಡನೆಯದು ಕಾಲ, ಅಂದರೆ ವಿಶ್ವವಿದ್ಯಾಲಯದ ಕಾಲ ಮತ್ತು ಊರಿನ ಕಾಲ ಎರಡೂ. ಎಂ.ಎಡ್. ಈಗ ಎರಡು ವರ್ಷದ್ದಾದರೂ ಕಿರುಪ್ರಬಂಧಕ್ಕೆ ಸಿಗುವ ಕ್ಷೇತ್ರಕಾರ್ಯದ ಅವಧಿ ಕೆಲವೇ ತಿಂಗಳು. ಯುಜಿಸಿಯ 2022ರ ನಿಯಮಾವಳಿಯಂತೆ ಪಿಎಚ್‌.ಡಿ.ಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ಇದರ ಜೊತೆಗೆ ಶಾಲೆ ತೆರೆಯುವ ಜೂನ್, ದಸರಾ ರಜೆ, ಹತ್ತಿ ಬಿಡಿಸುವ ತಿಂಗಳುಗಳು, ಸುಗ್ಗಿಯ ನಂತರ ಗುಳೆ ಹೋಗುವ ಕುಟುಂಬಗಳು, ಮಾರ್ಚಿನ ಎಸ್‌ಎಸ್‌ಎಲ್‌ಸಿ ಪರೀಕ್ಷೆ, ಇವುಗಳನ್ನೆಲ್ಲ ಒಂದೇ ಹಾಳೆಯ ಮೇಲೆ ಬರೆದು ನೋಡದೆ ಯಾವ ವಿನ್ಯಾಸವನ್ನೂ ಒಪ್ಪಬಾರದು. ಫೆಬ್ರವರಿಯಲ್ಲಿ ಪೋಷಕರ ಸಂದರ್ಶನ ಇಟ್ಟುಕೊಂಡರೆ, ಯಾರ ಮಕ್ಕಳು ಶಾಲೆಯಿಂದ ಹೊರಗುಳಿದಿದ್ದಾರೋ ಆ ಪೋಷಕರೇ ಊರಿನಲ್ಲಿ ಇರುವುದಿಲ್ಲ. ಸಿಗುವವರು ಊರಿನಲ್ಲಿ ಉಳಿಯಲು ಶಕ್ತರಾದವರು. ಅಧ್ಯಯನ ಅಲ್ಲಿಯೇ ಒಂದು ಕಡೆಗೆ ವಾಲಿರುತ್ತದೆ.

ಮೂರನೆಯದು ಭಾಷೆ ಮತ್ತು ಸಾಧನ. ಬಳ್ಳಾರಿ ಮತ್ತು ಸಿರುಗುಪ್ಪದ ಅನೇಕ ಮನೆಗಳಲ್ಲಿ ತೆಲುಗು, ತಾಂಡಾಗಳಲ್ಲಿ ಲಂಬಾಣಿ, ಪಟ್ಟಣಗಳ ಅನೇಕ ಓಣಿಗಳಲ್ಲಿ ಉರ್ದು, ಸಿಂಧನೂರಿನ ಪುನರ್ವಸತಿ ಕ್ಯಾಂಪುಗಳಲ್ಲಿ ಬಂಗಾಳಿ. ಬೇರೆಡೆ ಸಿದ್ಧವಾದ ಮನೋಭಾವ ಮಾಪಕವನ್ನು ಗ್ರಂಥಸ್ಥ ಕನ್ನಡಕ್ಕೆ ಅನುವಾದಿಸಿ ಇಲ್ಲಿ ಹಂಚಿದರೆ ಅದು ಏನನ್ನು ಅಳೆಯುತ್ತದೆ ಎಂಬ ಪ್ರಶ್ನೆ ಉಳಿದೇ ಇರುತ್ತದೆ.

ನಾಲ್ಕನೆಯದು ಕೌಶಲ ಮತ್ತು ಕೈಗಳ ಸಂಖ್ಯೆ. ಸಂಖ್ಯಾಶಾಸ್ತ್ರವನ್ನೂ ಗುಣಾತ್ಮಕ ವಿಶ್ಲೇಷಣೆಯನ್ನೂ (ಮಾತು, ಅವಲೋಕನಗಳ ವಿಶ್ಲೇಷಣೆ) ಒಬ್ಬರೇ ಚೆನ್ನಾಗಿ ಮಾಡಬಲ್ಲರೇ? ಐದನೆಯದು ಹಣ. ತಂತ್ರಾಂಶದ ಖರ್ಚು ಈಗ ನೆಪವಾಗಲಾರದು, ಏಕೆಂದರೆ ಸಂಖ್ಯಾ ವಿಶ್ಲೇಷಣೆಗೆ ಆರ್ ಮತ್ತು ಜಮೋವಿ, ಸಂದರ್ಶನಗಳ ಸಂಕೇತೀಕರಣಕ್ಕೆ (ಮಾತಿನ ತುಣುಕುಗಳಿಗೆ ವಿಷಯದ ಗುರುತು ಹಾಕುವುದಕ್ಕೆ) ಟ್ಯಾಗೆಟ್ ಉಚಿತವಾಗಿಯೇ ಸಿಗುತ್ತವೆ. ಒಂದು ಎಚ್ಚರಿಕೆ ಇಲ್ಲಿ ಅಗತ್ಯ: ನುಡಿಯ ಹಳೆಯ ಅಕ್ಷರ ವಿನ್ಯಾಸದಲ್ಲಿ ಟೈಪು ಮಾಡಿದ ಪಠ್ಯವನ್ನು ಈ ತಂತ್ರಾಂಶಗಳು ಓದಲಾರವು, ಆದ್ದರಿಂದ ಮೊದಲ ದಿನದಿಂದಲೇ ಯೂನಿಕೋಡ್‌ನಲ್ಲಿ ಬರೆಯಬೇಕು. ನಿಜವಾದ ಖರ್ಚು ಓಡಾಟದ್ದು ಮತ್ತು ಬರಹರೂಪಕ್ಕೆ ಇಳಿಸುವ ಶ್ರಮದ್ದು. ಒಂದು ಗಂಟೆಯ ಧ್ವನಿಮುದ್ರಣವನ್ನು ಬರೆದಿಳಿಸಲು ಸಾಮಾನ್ಯವಾಗಿ ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ. ಮುಕ್ಕಾಲು ಗಂಟೆಯ 20 ಸಂದರ್ಶನಗಳಾದರೆ 60ರಿಂದ 90 ಗಂಟೆಗಳ ಕೆಲಸ ವಿಶ್ಲೇಷಣೆಗೂ ಮೊದಲೇ ಕಾದಿರುತ್ತದೆ.

ಕೊನೆಯದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ಸಂಧಿಸ್ಥಾನ. ಅಂಕಿ ಮತ್ತು ಮಾತು ಎಲ್ಲಿ ಕೂಡುತ್ತವೆ ಎಂಬುದನ್ನು ಸಿನಾಪ್ಸಿಸ್‌ನಲ್ಲಿಯೇ ಒಂದು ವಾಕ್ಯದಲ್ಲಿ ಹೇಳಲು ಬರಬೇಕು.

ಒಂದೇ ವಿಧಾನ ಸಾಕಾಗುವ ಸಂದರ್ಭ

ಹೋಲಿಕೆಯಲ್ಲಿ ಈ ಆಯ್ಕೆಯನ್ನು ಬಿಟ್ಟುಬಿಡುವುದು ಈಚಿನ ರೂಢಿ. ಅದು ಸರಿಯಲ್ಲ. ಚೆನ್ನಾಗಿ ಮಾಡಿದ ಒಂದು ಸಮೀಕ್ಷೆ ಅಥವಾ ಒಂದೇ ಶಾಲೆಯ ಆಳವಾದ ಅಧ್ಯಯನವು ಅರೆಬರೆ ಬೆರೆಸಿದ ಪ್ರಬಂಧಕ್ಕಿಂತ ಎಷ್ಟೋ ಮೇಲು.

ಕೇವಲ ಅಂಕಿಯನ್ನು ಆರಿಸಿಕೊಳ್ಳುವವರು ಎರಡು ವಿಷಯಗಳನ್ನು ನೆನಪಿಡಬೇಕು. ಅಧ್ಯಯನಕ್ಕೆ ಎಷ್ಟು ಜನರನ್ನು ಆಯ್ದುಕೊಳ್ಳಬೇಕೆಂದು ಹೇಳುವ ಕ್ರೆಜ್ಸಿ ಮತ್ತು ಮಾರ್ಗನ್ ಅವರ 1970ರ ಕೋಷ್ಟಕವನ್ನು ನೋಡಿ ‘ಮಾದರಿ 384’ ಎಂದು ಬರೆಯುವುದು ನಮ್ಮಲ್ಲಿ ವಾಡಿಕೆಯಾಗಿದೆ. ಆ ಕೋಷ್ಟಕ ಸರಳ ಯಾದೃಚ್ಛಿಕ ಆಯ್ಕೆಯನ್ನು, ಅಂದರೆ ಒಬ್ಬೊಬ್ಬರನ್ನೂ ಚೀಟಿ ಎತ್ತಿದಂತೆ ಆಯ್ದುಕೊಳ್ಳುವುದನ್ನು, ಆಧರಿಸಿದ್ದು. ನಾವು ಆಯ್ದುಕೊಳ್ಳುವುದು ಶಾಲೆಗಳನ್ನು, ಅವುಗಳೊಳಗಿನ ಮಕ್ಕಳನ್ನು. ಒಂದೇ ಶಾಲೆಯ ಮಕ್ಕಳು ಪರಸ್ಪರ ಹೋಲುವುದರಿಂದ ಮಾದರಿಯ ನಿಜವಾದ ತೂಕ ಕುಗ್ಗುತ್ತದೆ. 20 ಶಾಲೆಗಳಿಂದ ತಲಾ 20ರಂತೆ 400 ಮಕ್ಕಳನ್ನು ತೆಗೆದುಕೊಂಡು, ಶಾಲೆಯೊಳಗಿನ ಸಾಮ್ಯದ ಗುಣಾಂಕ 0.2 ಎಂದಿಟ್ಟುಕೊಂಡರೆ, ಆ 400 ಮಕ್ಕಳು ಸುಮಾರು 83 ಸ್ವತಂತ್ರ ಮಕ್ಕಳಿಗೆ ಮಾತ್ರ ಸಮ. ಹತ್ತು ಶಾಲೆಗಳಿಂದ ನಲವತ್ತು ನಲವತ್ತು ಮಕ್ಕಳಿಗಿಂತ ನಲವತ್ತು ಶಾಲೆಗಳಿಂದ ಹತ್ತು ಹತ್ತು ಮಕ್ಕಳು ಹೆಚ್ಚು ಹೇಳುತ್ತಾರೆ, ಆದರೆ ಓಡಾಟದ ಖರ್ಚು ನಾಲ್ಕು ಪಟ್ಟಾಗುತ್ತದೆ.

ಇನ್ನೊಂದು, ಸಿದ್ಧ ದತ್ತಾಂಶದ ಗಡಿಗಳು. ಹರಪನಹಳ್ಳಿ 2018ರಲ್ಲಿ ದಾವಣಗೆರೆಯಿಂದ ಬಳ್ಳಾರಿಗೆ ಸೇರಿ 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಹೊಸಪೇಟೆ, ಕೂಡ್ಲಿಗಿ, ಹಡಗಲಿಗಳೂ ಅದೇ ವರ್ಷ ಬಳ್ಳಾರಿಯಿಂದ ಹೊರಗಾದವು. 2011ರ ಬಳ್ಳಾರಿಯನ್ನು ಇಂದಿನ ಬಳ್ಳಾರಿಯೊಡನೆ ಹೋಲಿಸಿ ‘ಪ್ರಗತಿ’ ಅಳೆದರೆ ಅದು ಬೇರೆ ಬೇರೆ ಊರುಗಳ ಹೋಲಿಕೆಯಾಗುತ್ತದೆ. ಹಾಗೆಯೇ ರಾಜ್ಯದ ಎಸ್‌ಎಸ್‌ಎಲ್‌ಸಿ ಉತ್ತೀರ್ಣತೆ 2023ರಲ್ಲಿದ್ದ ಶೇ. 83.89ರಿಂದ 2024ರಲ್ಲಿ ಶೇ. 73.40ಕ್ಕೆ ಇಳಿಯಿತು. ಅದೇ ವರ್ಷ ಪರೀಕ್ಷಾ ಕೇಂದ್ರಗಳಲ್ಲಿ ವೆಬ್‌ಕಾಸ್ಟಿಂಗ್ (ಕ್ಯಾಮೆರಾದ ನೇರ ನಿಗಾ) ಬಂದಿತ್ತು, ಕೃಪಾಂಕದ ನಿಯಮವೂ ಬದಲಾಗಿತ್ತು. ಕಲಿಕೆ ಒಂದೇ ವರ್ಷದಲ್ಲಿ ಅಷ್ಟು ಕುಸಿಯಿತೆಂದು ಆ ಅಂಕಿ ಹೇಳುವುದಿಲ್ಲ.

ಕೇವಲ ಗುಣಾತ್ಮಕ ಅಧ್ಯಯನವು ಸೇವೆಯಲ್ಲಿರುವ ಶಿಕ್ಷಕರಿಗೆ, ತಮ್ಮದೇ ಶಾಲೆ ಅಥವಾ ಕ್ಲಸ್ಟರಿನ (ಅಕ್ಕಪಕ್ಕದ ಶಾಲೆಗಳ ಗುಂಪಿನ) ಒಂದು ಸಮಸ್ಯೆಯನ್ನು ಹಿಡಿದು ಹೊರಟವರಿಗೆ ಒಪ್ಪುತ್ತದೆ. ಖರ್ಚು ಕಡಿಮೆ, ಆದರೆ ದಿನಗಳು ಹೆಚ್ಚು ಬೇಕು.

ಎರಡನ್ನೂ ಏಕಕಾಲಕ್ಕೆ

ಸಹಮಿಲನ ವಿನ್ಯಾಸದಲ್ಲಿ ಅಂಕಿ ಮತ್ತು ಮಾತನ್ನು ಒಂದೇ ಅವಧಿಯಲ್ಲಿ ಸಂಗ್ರಹಿಸಿ, ಬೇರೆ ಬೇರೆಯಾಗಿ ವಿಶ್ಲೇಷಿಸಿ, ಕೊನೆಯಲ್ಲಿ ಎದುರುಬದುರು ಇಟ್ಟು ನೋಡಲಾಗುತ್ತದೆ. ನಲಿಕಲಿ ತರಗತಿಗಳ ಅಧ್ಯಯನವನ್ನು ಯೋಚಿಸಿ. 1995ರ ಸುಮಾರಿಗೆ ಎಚ್‌.ಡಿ. ಕೋಟೆಯಲ್ಲಿ ಆರಂಭವಾಗಿ 2009-10ರಲ್ಲಿ ರಾಜ್ಯದಾದ್ಯಂತ ವಿಸ್ತರಿಸಿದ ಈ ಪದ್ಧತಿಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೆ ಕುಳಿತು ತಮ್ಮ ತಮ್ಮ ಮೆಟ್ಟಿಲುಗಳಲ್ಲಿ ಕಲಿಯುತ್ತಾರೆ. ಲಿಂಗಸುಗೂರಿನ 15 ಶಾಲೆಗಳಲ್ಲಿ ಮಕ್ಕಳ ಓದುವ ಮಟ್ಟವನ್ನು ಅಕ್ಷರ, ಪದ, ಒಂದನೆಯ ತರಗತಿಯ ಪಠ್ಯ, ಎರಡನೆಯ ತರಗತಿಯ ಪಠ್ಯ ಎಂಬ ಅಸರ್ (ಗ್ರಾಮೀಣ ಮಕ್ಕಳ ಕಲಿಕೆಯ ಸಮೀಕ್ಷೆ) ಮಾದರಿಯ ಹಂತಗಳಲ್ಲಿ ಪರೀಕ್ಷಿಸುತ್ತ, ಅದೇ ವಾರಗಳಲ್ಲಿ ತರಗತಿಯ ಅವಲೋಕನ ಮತ್ತು ಶಿಕ್ಷಕರ ಸಂದರ್ಶನ ನಡೆಸಬಹುದು.

ಇದರ ಅನುಕೂಲವೆಂದರೆ ಸಮಯದ ಉಳಿತಾಯ: ಒಂದೇ ಬಾರಿಯ ಓಡಾಟ, ಒಂದೇ ಅನುಮತಿ ಪತ್ರ. ಆದರೆ ಈ ಉಳಿತಾಯಕ್ಕೆ ಎರಡು ಬೆಲೆಗಳಿವೆ. ಎರಡೂ ಸಾಧನಗಳು ಒಂದೇ ಪರಿಕಲ್ಪನೆಯನ್ನು ಕೇಳಬೇಕು. ಪರೀಕ್ಷೆ ಓದಿನ ಮಟ್ಟವನ್ನು ಅಳೆದು ಸಂದರ್ಶನ ಶಿಕ್ಷಕರ ಕೆಲಸದ ಒತ್ತಡವನ್ನು ಕೇಳಿದರೆ ಕೊನೆಯಲ್ಲಿ ಕೂಡಿಸಲು ಏನೂ ಇರುವುದಿಲ್ಲ. ಮತ್ತು ಫಲಿತಾಂಶಗಳು ವಿರೋಧಿಸಿದಾಗ ಏನು ಮಾಡುವುದು ಎಂಬುದು ಮೊದಲೇ ನಿಶ್ಚಯವಾಗಿರಬೇಕು. ಅವಲೋಕನದಲ್ಲಿ ಜೀವಂತವಾಗಿ ಕಂಡ ತರಗತಿಯಲ್ಲಿ ಓದುವ ಮಟ್ಟ ಕೆಳಗಿದ್ದರೆ, ಕ್ಷೇತ್ರಕಾರ್ಯ ಮುಗಿದ ಮೇಲೆ ಕಾರಣ ಹುಡುಕಲು ಮರಳಿ ಹೋಗುವ ಅವಕಾಶ ಈ ವಿನ್ಯಾಸದಲ್ಲಿ ಇಲ್ಲ. ಒಬ್ಬರೇ ಇದನ್ನು ಮಾಡಲು ಹೊರಟಾಗ ಬೆಳಿಗ್ಗೆ ಪರೀಕ್ಷೆ, ಮಧ್ಯಾಹ್ನ ಸಂದರ್ಶನ, ರಾತ್ರಿ ಟಿಪ್ಪಣಿ ಎಂದು ಎರಡೂ ತೆಳುವಾಗುತ್ತವೆ. ಇಬ್ಬರಿದ್ದರೆ ಮಾತ್ರ ಇದನ್ನು ಆರಿಸಿಕೊಳ್ಳಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಅಂಕಿ, ನಂತರ ಮಾತು

ವಿವರಣಾತ್ಮಕ ಅನುಕ್ರಮ ವಿನ್ಯಾಸವೆಂದು ಇದಕ್ಕೆ ಹೆಸರು. ಈ ಭಾಗದ ಒಂಟಿ ಸಂಶೋಧಕರಿಗೆ ನಾನು ಹೆಚ್ಚಾಗಿ ಸೂಚಿಸುವುದು ಇದನ್ನೇ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ರಾಯಚೂರು ಜಿಲ್ಲೆಯ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಹತ್ತಿಯ ಹಂಗಾಮಿನಲ್ಲಿ ಹಾಜರಾತಿ ಹೇಗೆ ಬದಲಾಗುತ್ತದೆ ಮತ್ತು ಏಕೆ ಎಂಬ ಪ್ರಶ್ನೆಯನ್ನು ತೆಗೆದುಕೊಳ್ಳೋಣ. ಮೊದಲ ಹಂತದಲ್ಲಿ ದೇವದುರ್ಗ ಮತ್ತು ಮಾನ್ವಿ ತಾಲ್ಲೂಕುಗಳ 30 ಶಾಲೆಗಳ ಆರರಿಂದ ಎಂಟನೆಯ ತರಗತಿಯ ತಿಂಗಳುವಾರು ಹಾಜರಾತಿಯನ್ನು, ಹಿಂದಿನ ವರ್ಷದ್ದನ್ನೂ ಸೇರಿಸಿ, ಹಾಜರಿ ಪುಸ್ತಕಗಳಿಂದ ಸಂಗ್ರಹಿಸಬಹುದು. ಬಹುತೇಕ ಶಾಲೆಗಳಲ್ಲಿ ನವೆಂಬರಿನಿಂದ ಜನವರಿಯವರೆಗೆ ಹಾಜರಾತಿ ತಗ್ಗಿದೆ, ಆದರೆ ನಾಲ್ಕು ಶಾಲೆಗಳಲ್ಲಿ ತಗ್ಗಿಲ್ಲ ಎಂದು ಕಂಡಿತೆಂದು ಇಟ್ಟುಕೊಳ್ಳಿ. ಎರಡನೆಯ ಹಂತ ಆ ನಾಲ್ಕು ಶಾಲೆಗಳಿಂದಲೇ ಆರಂಭವಾಗುತ್ತದೆ. ಅವುಗಳಲ್ಲಿ ಎರಡನ್ನು ಮತ್ತು ಅವುಗಳಿಗೆ ಜಮೀನು, ಜಾತಿ ರಚನೆ, ರಸ್ತೆ ಸಂಪರ್ಕದಲ್ಲಿ ಸಮನಾಗಿರುವ, ಆದರೆ ಹಾಜರಾತಿ ಕುಸಿದ ಇನ್ನೆರಡನ್ನು ಆಯ್ದು, ತಾಯಂದಿರು, ಮುಖ್ಯೋಪಾಧ್ಯಾಯರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು, ಕೂಲಿಗೆ ಕರೆದೊಯ್ಯುವ ಮೇಸ್ತ್ರಿಗಳು ಮತ್ತು ಮಕ್ಕಳೊಡನೆ ಮಾತನಾಡಬೇಕು. ಅಜ್ಜಿ ಊರಿನಲ್ಲಿ ಉಳಿಯುವುದೇ ಕಾರಣವೋ, ಹಾಸ್ಟೆಲ್ಲೋ, ಮುಖ್ಯೋಪಾಧ್ಯಾಯರು ಮನೆಮನೆಗೆ ಹೋಗುವುದೋ, ಅಥವಾ ಗೈರಾದವರಿಗೂ ಹಾಜರಿ ಹಾಕುವ ರೂಢಿಯೋ ಎಂಬುದು ಅಲ್ಲಿ ತಿಳಿಯುತ್ತದೆ. ಕೊನೆಯ ಸಾಧ್ಯತೆಯನ್ನು ಯಾವ ಸಂಖ್ಯಾಶಾಸ್ತ್ರವೂ ತನ್ನಷ್ಟಕ್ಕೆ ಹೇಳಲಾರದು.

ಇಲ್ಲಿ ಸಂಧಿಸ್ಥಾನ ಎರಡು ಕಡೆ ಇದೆ: ಯಾರನ್ನು ಮಾತನಾಡಿಸಬೇಕೆಂಬುದನ್ನು ಅಂಕಿಯೇ ನಿರ್ಧರಿಸುತ್ತದೆ, ಅಂಕಿಯ ಅರ್ಥವನ್ನು ಮಾತು ನಿರ್ಧರಿಸುತ್ತದೆ. ವಿಶ್ಲೇಷಣೆಗಳು ಒಂದರ ನಂತರ ಒಂದು ಬರುವುದರಿಂದ ಒಬ್ಬರೇ ಸಂಭಾಳಿಸಬಹುದು. ಮೊದಲ ಹಂತ ದಾಖಲೆಗಳನ್ನು ಆಧರಿಸಿದ್ದರೆ ಖರ್ಚೂ ಮಿತವಾಗಿರುತ್ತದೆ.

ತೊಡಕುಗಳು ಮೂರು. ಮೊದಲ ಹಂತವನ್ನು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಮುಗಿಸದಿದ್ದರೆ ಎರಡನೆಯ ಹಂತ ಪರೀಕ್ಷೆಯ ಕಾಲಕ್ಕೆ, ಗುಳೆಯ ಕಾಲಕ್ಕೆ ಬೀಳುತ್ತದೆ. ಇನ್ನೊಂದು ನೈತಿಕವಾದದ್ದು: ಪೋಷಕರಿಗೆ ಅಥವಾ ಶಿಕ್ಷಕರಿಗೆ ಪ್ರಶ್ನಾವಳಿ ಕೊಡುವುದಾದರೆ, ಅವರಲ್ಲಿ ಕೆಲವರನ್ನು ಮತ್ತೆ ಭೇಟಿಯಾಗಬೇಕಾದ್ದರಿಂದ ‘ನಿಮ್ಮ ಹೆಸರು ಯಾರಿಗೂ ತಿಳಿಯದು’ ಎಂಬ ಮಾತು ಕೊಡಲು ಬರುವುದಿಲ್ಲ. ‘ಹೆಸರು ನನಗೆ ಮಾತ್ರ ತಿಳಿದಿರುತ್ತದೆ, ಬರಹದಲ್ಲಿ ಬರುವುದಿಲ್ಲ’ ಎಂದು ನಿಜವನ್ನೇ ಹೇಳಿ ಒಪ್ಪಿಗೆ ಪಡೆಯಬೇಕು, ಹೆಸರಿನ ಪಟ್ಟಿಯನ್ನೂ ಉತ್ತರಗಳನ್ನೂ ಬೇರೆ ಬೇರೆ ಇಡಬೇಕು. ಮಕ್ಕಳ ದುಡಿಮೆಯ ಬಗ್ಗೆ ಕೇಳುವಾಗ ಪೋಷಕರ ಒಪ್ಪಿಗೆಯ ಜೊತೆಗೆ ಮಗುವಿನ ಒಪ್ಪಿಗೆಯೂ ಬೇಕು, ಮಗು ಬೇಡವೆಂದರೆ ಅಲ್ಲಿಗೆ ನಿಲ್ಲಿಸಬೇಕು. ಮೂರನೆಯದು, ಎರಡನೆಯ ಹಂತದ ನಿಖರ ಪ್ರಶ್ನೆಗಳನ್ನು ಸಿನಾಪ್ಸಿಸ್‌ನಲ್ಲಿ ಬರೆಯಲಾಗದು. ಸಮಿತಿಯ ಸದಸ್ಯರು ಇದನ್ನು ಸಿದ್ಧತೆಯ ಕೊರತೆ ಎಂದು ಭಾವಿಸಬಹುದು. ‘ಈ ಬಗೆಯ ಫಲಿತಾಂಶ ಬಂದರೆ ಈ ಬಗೆಯ ಶಾಲೆಗಳನ್ನು ಆಯ್ಕೆ ಮಾಡುತ್ತೇನೆ’ ಎಂಬ ಷರತ್ತಿನ ರೂಪದಲ್ಲಿ ಬರೆದುಕೊಟ್ಟರೆ ಆ ಆಕ್ಷೇಪಣೆಗೆ ಉತ್ತರವಾಗುತ್ತದೆ.

ಮೊದಲು ಮಾತು, ನಂತರ ಅಂಕಿ

ಅನ್ವೇಷಣಾತ್ಮಕ ಅನುಕ್ರಮದಲ್ಲಿ ಜನರ ಮಾತಿನಿಂದ ಪರಿಕಲ್ಪನೆಗಳನ್ನು ಪಡೆದು, ಅವುಗಳಿಂದ ಮಾಪಕವನ್ನೋ ಪ್ರಶ್ನಾವಳಿಯನ್ನೋ ಕಟ್ಟಿ, ಅದನ್ನು ಬೇರೊಂದು ದೊಡ್ಡ ಮಾದರಿಯ ಮೇಲೆ ಪರೀಕ್ಷಿಸಲಾಗುತ್ತದೆ. ಪೋಷಕರ ಪಾಲ್ಗೊಳ್ಳುವಿಕೆ ಎಂಬ ವಿಷಯವನ್ನು ನೋಡಿ. ಹೊರಗಿನಿಂದ ಬಂದ ಮಾಪಕಗಳು ಮಗುವಿಗೆ ಮನೆಪಾಠದಲ್ಲಿ ನೆರವಾಗುವುದು, ಕಥೆ ಓದಿ ಹೇಳುವುದು, ಶಾಲೆಯ ಸಭೆಗೆ ಬರುವುದು ಇವುಗಳನ್ನು ಕೇಳುತ್ತವೆ. ಅಕ್ಷರ ಬಾರದ ತಾಯಿಯೊಬ್ಬಳು ಮಗಳಿಗೆ ಬೆಳಗಿನ ಮನೆಗೆಲಸದಿಂದ ಬಿಡುವು ಕೊಟ್ಟು, ತಾನು ಒಂದು ತಾಸು ಮೊದಲು ಏಳುವುದು ಆ ಮಾಪಕದಲ್ಲಿ ಎಲ್ಲಿಯೂ ದಾಖಲಾಗದು. ಅವಳಿಗೆ ಸೊನ್ನೆ ಅಂಕ ಬರುತ್ತದೆ. ಇದು ಅವಳ ಕೊರತೆಯಲ್ಲ, ಮಾಪಕದ ಕೊರತೆ. ಇಂಥ ಅನ್ಯಾಯದ ಅಳತೆಗಳಿಂದ ‘ಕಲ್ಯಾಣ ಕರ್ನಾಟಕದ ಪೋಷಕರಿಗೆ ಆಸಕ್ತಿಯಿಲ್ಲ’ ಎಂಬ ತೀರ್ಮಾನಗಳು ಬರುವುದು ನನ್ನನ್ನು ಬಹಳ ನೋಯಿಸುತ್ತದೆ. ಈ ಭಾಗಕ್ಕೆ ಅನ್ವೇಷಣಾತ್ಮಕ ವಿನ್ಯಾಸದ ಅಗತ್ಯ ತುಂಬ ಇದೆ ಎಂದು ನಾನು ಒತ್ತಿ ಹೇಳುವುದು ಇದರಿಂದಲೇ.

ಆದರೆ ಇದು ದುಬಾರಿ. 15ರಿಂದ 20 ಸಂದರ್ಶನಗಳ ವಿಶ್ಲೇಷಣೆ, ಹೇಳಿಕೆಗಳ ರಚನೆ, ತಜ್ಞರ ಪರಿಶೀಲನೆ, ಪೂರ್ವಪರೀಕ್ಷೆ, ಅಪವರ್ತನ ವಿಶ್ಲೇಷಣೆ (ಯಾವ ಹೇಳಿಕೆಗಳು ಒಂದೇ ಗುಣವನ್ನು ಅಳೆಯುತ್ತವೆ ಎಂದು ಗುಂಪುಗೂಡಿಸುವ ಸಂಖ್ಯಾಶಾಸ್ತ್ರದ ಕ್ರಮ), ಆಮೇಲೆ ಮುಖ್ಯ ಸಮೀಕ್ಷೆ. ಅಪವರ್ತನ ವಿಶ್ಲೇಷಣೆಗೆ ಪ್ರತಿ ಹೇಳಿಕೆಗೆ ಐದರಿಂದ ಹತ್ತು ಉತ್ತರದಾರರು ಬೇಕೆಂಬುದು ರೂಢಿಯ ಲೆಕ್ಕ. 30 ಹೇಳಿಕೆಗಳಿಗೆ 150ರಿಂದ 300 ಜನ. ಸಂದರ್ಶನ ಕೊಟ್ಟವರನ್ನೇ ಸಮೀಕ್ಷೆಯಲ್ಲೂ ಬಳಸಬಾರದು, ಬಳಸಿದರೆ ಮಾಪಕ ತನ್ನನ್ನು ತಾನೇ ಹೊಗಳಿಕೊಂಡಂತಾಗುತ್ತದೆ. ಓದಲಾರದ ಪೋಷಕರಿಗೆ ಐದು ಹಂತದ ಒಪ್ಪಿಗೆಯ ಪಟ್ಟಿ ಕೊಡುವ ಬದಲು ಎದುರಿಗೆ ಕುಳಿತು ಓದಿ ಹೇಳಿ ಮೂರೇ ಹಂತಗಳಲ್ಲಿ ಕೇಳಬೇಕಾಗುತ್ತದೆ, ಅದಕ್ಕೆ ಮತ್ತಷ್ಟು ದಿನಗಳು. ಎಂ.ಎಡ್. ಅವಧಿಯಲ್ಲಿ ಇದನ್ನು ಪೂರ್ತಿ ಮಾಡಲಾಗದು. ಪಿಎಚ್‌.ಡಿ.ಗೆ, ಅದರಲ್ಲೂ ಪೂರ್ಣಕಾಲಿಕರಿಗೆ, ಇದು ಸರಿಯಾದ ಗಾತ್ರದ ಕೆಲಸ. ಸಿದ್ಧವಾದ ಮಾಪಕ ಮುಂದೆ ಬರುವ ಸಂಶೋಧಕರಿಗೂ ಒದಗುತ್ತದೆ.

ಪ್ರಯೋಗದೊಳಗೆ ಮಾತು

ಪರಿಹಾರ ಬೋಧನೆಯಂಥ ಹೊಸ ಕ್ರಮವನ್ನು ಕೆಲವು ಶಾಲೆಗಳಲ್ಲಿ ಜಾರಿಗೊಳಿಸಿ, ಪೂರ್ವ ಮತ್ತು ಉತ್ತರ ಪರೀಕ್ಷೆಗಳ ನಡುವೆ ಶಿಕ್ಷಕರ ದಿನಚರಿ, ಮಕ್ಕಳ ಮಾತು, ತರಗತಿ ಅವಲೋಕನಗಳನ್ನು ಸೇರಿಸುವ ವಿನ್ಯಾಸ ಇದು. ಅಂಕ ಏರಿತೇ ಎಂಬುದರ ಜೊತೆಗೆ ಕಾರ್ಯಕ್ರಮ ಯೋಜನೆಯಂತೆ ನಡೆಯಿತೇ ಎಂಬುದೂ ತಿಳಿಯುತ್ತದೆ. ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಅಥವಾ ಸ್ವಯಂಸೇವಾ ಸಂಸ್ಥೆಯ ಬೆಂಬಲವಿಲ್ಲದೆ ಒಬ್ಬರೇ ಕೈಹಾಕುವಂಥದ್ದಲ್ಲ. ನಮ್ಮ ವ್ಯವಸ್ಥೆಗೇ ವಿಶಿಷ್ಟವಾದ ಒಂದು ಅಪಾಯವೂ ಇದೆ: ಒಂದೇ ಕ್ಲಸ್ಟರಿನ ಶಿಕ್ಷಕರು ಸಮಾಲೋಚನಾ ಸಭೆಗಳಲ್ಲಿ ಭೇಟಿಯಾಗುತ್ತಾರೆ, ಒಳ್ಳೆಯ ಚಟುವಟಿಕೆಯನ್ನು ಪರಸ್ಪರ ಹಂಚಿಕೊಳ್ಳುತ್ತಾರೆ. ಅದು ಶಾಲೆಗಳಿಗೆ ಒಳ್ಳೆಯದು, ಆದರೆ ಪ್ರಯೋಗದ ಗುಂಪು ಮತ್ತು ನಿಯಂತ್ರಣ ಗುಂಪು (ಹೋಲಿಕೆಗಾಗಿ ಹೊಸ ಕ್ರಮ ಇಲ್ಲದೆ ಇರುವ ಶಾಲೆಗಳು) ಒಂದೇ ಕ್ಲಸ್ಟರಿನಲ್ಲಿದ್ದರೆ ಎರಡರ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಎರಡು ಗುಂಪುಗಳನ್ನು ಬೇರೆ ಬೇರೆ ಕ್ಲಸ್ಟರುಗಳಿಂದ ಆಯ್ದು, ಅಧ್ಯಯನ ಮುಗಿದ ಮೇಲೆ ನಿಯಂತ್ರಣ ಗುಂಪಿನ ಮಕ್ಕಳಿಗೂ ಆ ಬೋಧನೆಯನ್ನು ತಲುಪಿಸುವುದು ನ್ಯಾಯ.

ಯಾರಿಗೆ ಯಾವುದು

ಎಂ.ಎಡ್. ವಿದ್ಯಾರ್ಥಿಗಳಿಗೆ ನನ್ನ ಸಲಹೆ: ಒಂದೇ ವಿಧಾನವನ್ನು ಅಚ್ಚುಕಟ್ಟಾಗಿ ಮಾಡಿ. ಮಿಶ್ರ ವಿಧಾನವೇ ಬೇಕೆಂದರೆ, ಮೊದಲ ಹಂತವನ್ನು ಶಾಲೆಯಲ್ಲಿ ಈಗಾಗಲೇ ಇರುವ ದಾಖಲೆಗಳಿಗೆ ಸೀಮಿತಗೊಳಿಸಿ, ಎರಡನೆಯ ಹಂತದಲ್ಲಿ ಆರರಿಂದ ಎಂಟು ಸಂದರ್ಶನಗಳನ್ನು ಮಾತ್ರ ಇಟ್ಟುಕೊಂಡು ವಿವರಣಾತ್ಮಕ ವಿನ್ಯಾಸವನ್ನು ಆರಿಸಿಕೊಳ್ಳಿ. ಸೇವೆಯಲ್ಲಿರುವ ಶಿಕ್ಷಕರು ತಮ್ಮ ಶಾಲೆಯಲ್ಲೇ ಅಧ್ಯಯನ ಮಾಡುವಾಗ ಒಂದನ್ನು ಗಮನಿಸಬೇಕು: ತಮ್ಮ ವಿದ್ಯಾರ್ಥಿಗಳ ಪೋಷಕರು ಮೇಷ್ಟ್ರಿಗೆ ಬೇಸರವಾಗುವಂಥ ಉತ್ತರ ಕೊಡುವುದಿಲ್ಲ. ಅಂಥವರು ಮಾತಿನ ಭಾಗವನ್ನು ಪಕ್ಕದ ಕ್ಲಸ್ಟರಿನಲ್ಲಿ ಇಟ್ಟುಕೊಳ್ಳುವುದು ಲೇಸು. ಡಯಟ್‌ನ ಉಪನ್ಯಾಸಕರಿಗೂ ಸ್ವಯಂಸೇವಾ ಸಂಸ್ಥೆಗಳ ತಂಡಗಳಿಗೂ ಸಹಮಿಲನ ಅಥವಾ ಪ್ರಯೋಗದ ವಿನ್ಯಾಸ ಹೊಂದುತ್ತದೆ, ಏಕೆಂದರೆ ಕೈಗಳೂ ವಾಹನವೂ ಅವರಲ್ಲಿರುತ್ತವೆ.

ಯಾವ ವಿನ್ಯಾಸವಾದರೂ ಸಿನಾಪ್ಸಿಸ್ ಸಲ್ಲಿಸುವ ಮೊದಲೇ ಎರಡೂ ಬಗೆಯ ಸಾಕ್ಷ್ಯಗಳನ್ನು ಜೋಡಿಸುವ ಒಂದು ಕೋಷ್ಟಕವನ್ನು ಖಾಲಿಯಾಗಿ ಬರೆದು ನೋಡಬೇಕು. ಮೊದಲ ಅಂಕಣದಲ್ಲಿ ಅಂಕಿಯಿಂದ ತಿಳಿಯಬೇಕಾದ್ದು, ಎರಡನೆಯದರಲ್ಲಿ ಮಾತಿನಿಂದ ತಿಳಿಯಬೇಕಾದ್ದು, ಮೂರನೆಯದರಲ್ಲಿ ಎರಡನ್ನೂ ಕೂಡಿಸಿದಾಗ ಮಾತ್ರ ಹೇಳಲು ಸಾಧ್ಯವಾಗುವಂಥದ್ದು. ಮೂರನೆಯ ಅಂಕಣದ ಶೀರ್ಷಿಕೆಯ ಕೆಳಗೆ ಒಂದು ಸಾಲನ್ನಾದರೂ ಊಹಿಸಿ ಬರೆಯಲು ಆಗದಿದ್ದರೆ ಅಧ್ಯಯನ ಮಿಶ್ರ ವಿಧಾನಕ್ಕೆ ಸಿದ್ಧವಾಗಿಲ್ಲ, ಒಂದೇ ವಿಧಾನಕ್ಕೆ ಮರಳುವುದು ಒಳ್ಳೆಯದು.

ಪಿಎಚ್‌.ಡಿ. ಸಂಶೋಧಕರ ಗೊಂದಲ ಹೆಚ್ಚಾಗಿ ಎರಡು ಅನುಕ್ರಮ ವಿನ್ಯಾಸಗಳ ನಡುವೆ ಇರುತ್ತದೆ. ಅದನ್ನು ಬಗೆಹರಿಸಲು ಒಂದು ಸಣ್ಣ ಪರೀಕ್ಷೆ ಸಾಕು. ನೀವು ಬಳಸಬೇಕೆಂದಿರುವ ಸಿದ್ಧ ಪ್ರಶ್ನಾವಳಿಯನ್ನು ತೆಗೆದುಕೊಂಡು, ನಿಮ್ಮ ಅಧ್ಯಯನದ ಜನರಂತೆಯೇ ಇರುವ ಹತ್ತು ಮಂದಿಯ ಎದುರು ಕುಳಿತು, ಪ್ರತಿ ಹೇಳಿಕೆಯನ್ನು ಓದಿ, ಅದರ ಅರ್ಥವನ್ನು ಅವರದೇ ಮಾತಿನಲ್ಲಿ ಹೇಳಲು ಕೇಳಿ. ಅದರಲ್ಲಿ ಒಬ್ಬರಾದರೂ ತಾಂಡಾದವರು, ಒಬ್ಬರಾದರೂ ಓದಲು ಬಾರದವರು ಇರಲಿ. ಹೆಚ್ಚಿನ ಹೇಳಿಕೆಗಳನ್ನು ಅವರು ನೀವು ಉದ್ದೇಶಿಸಿದಂತೆಯೇ ಗ್ರಹಿಸಿದರೆ ಆ ಸಾಧನವನ್ನು ನಂಬಿ ಅಂಕಿಯಿಂದ ಆರಂಭಿಸಬಹುದು. ಐದರಲ್ಲಿ ಒಂದಕ್ಕಿಂತ ಹೆಚ್ಚು ಹೇಳಿಕೆಗಳು ಬೇರೆ ಅರ್ಥ ಕೊಡುತ್ತಿದ್ದರೆ, ಅಥವಾ ಅವರ ಬದುಕಿನ ಮುಖ್ಯ ಸಂಗತಿಯೊಂದು ಪ್ರಶ್ನಾವಳಿಯಲ್ಲಿ ಇಲ್ಲವೇ ಇಲ್ಲವೆಂದು ಅವರೇ ಹೇಳಿದರೆ, ಒಂದು ವರ್ಷ ಹೆಚ್ಚು ಹಿಡಿದರೂ ಮಾತಿನಿಂದಲೇ ಆರಂಭಿಸಿ, ಆ ವರ್ಷವನ್ನು ಕಾಲಯೋಜನೆಯಲ್ಲಿ ಸಮಿತಿಯ ಮುಂದೆ ಮೊದಲೇ ಕೇಳಿ ಪಡೆದುಕೊಳ್ಳಿ.